ಬಾಡಿಗೆ ಮನೆ: ಕಂತು ಕಟ್ಟುವವರು ಯಾರು?

ರಬಕವಿ-ಬನಹಟ್ಟಿಯಲ್ಲಿ ಸೀರೆ ವ್ಯಾಪಾರ ಕೈಹಿಡಿದ ವರ್ಷ ನಾಲ್ಕು ಕಾಸು ಉಳಿದರೆ ಮೊದಲ ಯೋಚನೆ ಇನ್ನೊಂದು ಮಗ್ಗದ್ದು, ಎರಡನೆಯದು ಬಾಡಿಗೆಗೆ ಕೊಡಲು ಒಂದು ಮನೆಯದು. ಮಗ್ಗದ ಲೆಕ್ಕವನ್ನು ಇಲ್ಲಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಸಾಲದ ಮನೆಯ ವಿಷಯದಲ್ಲಿ ಮಾತ್ರ ಬಾಯಿಂದ ಬಾಯಿಗೆ ಬಂದ ಕೆಲವು ಮಾತುಗಳೇ ಲೆಕ್ಕವಾಗಿ ನಿಂತಿವೆ. 20 ಲಕ್ಷ ರೂಪಾಯಿಯ ಮನೆಯೊಂದನ್ನು ಉದಾಹರಣೆಗೆ ಇಟ್ಟುಕೊಂಡು ಅವನ್ನು ಪರೀಕ್ಷಿಸೋಣ.

ತಪ್ಪು ಕಲ್ಪನೆ 1: “ಬ್ಯಾಂಕಿನವರು ನೂರಕ್ಕ ತೊಂಬತ್ತು ಕೊಡತಾರ, ನಮ್ಮ ಕೈಯಾಗ ಎರಡ ಲಕ್ಷ ಇದ್ರ ಸಾಕು.”

ವಾಸ್ತವ: 30 ಲಕ್ಷದವರೆಗಿನ ಗೃಹಸಾಲಕ್ಕೆ ಶೇ 90 ಎನ್ನುವುದು ರಿಸರ್ವ್ ಬ್ಯಾಂಕ್ ಹಾಕಿದ ಮೇಲ್ಮಿತಿ. ಆದಾಯದ ಕಾಗದಪತ್ರ ನೋಡಿ ಬ್ಯಾಂಕು ಕಡಿಮೆಯನ್ನೂ ಕೊಡಬಹುದು. 10 ಲಕ್ಷ ಮೀರಿದ ಮನೆಗೆ ನೋಂದಣಿ ಖರ್ಚು ಈ ಲೆಕ್ಕದಲ್ಲಿ ಸೇರುವುದಿಲ್ಲ. ಸೆಸ್, ಸರ್ಚಾರ್ಜ್ ಸೇರಿ ಮುದ್ರಾಂಕ ಶುಲ್ಕ ಶೇ 5.6, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2. ಎರಡೂ ಸೇರಿ 1.52 ಲಕ್ಷ. ಕೈಯಿಂದ ಹೋಗುವುದು 3.52 ಲಕ್ಷ. ಸರ್ಕಾರದ ಮಾರ್ಗಸೂಚಿ ಬೆಲೆ ಖರೀದಿ ಬೆಲೆಗಿಂತ ಹೆಚ್ಚಿದ್ದರೆ ಶುಲ್ಕ ಅದರ ಮೇಲೆ ಬೀಳುತ್ತದೆ.

ತಪ್ಪು ಕಲ್ಪನೆ 2: “ಕಡಿಮಿ ಬಿದ್ದದ್ದನ್ನ ಬಡ್ಡೀಲೆ ತಂದ್ರಾತು.”

ವಾಸ್ತವ: ನೂರಕ್ಕೆ ಎರಡರ ಬಡ್ಡಿ ಎಂದರೆ ವರ್ಷಕ್ಕೆ ಶೇ 24. ಹಾಗೆ ತಂದ 2 ಲಕ್ಷಕ್ಕೆ ತಿಂಗಳಿಗೆ 4,000 ರೂಪಾಯಿ ಬಡ್ಡಿ ಹೋಗುತ್ತದೆ, ಅಸಲು ಕರಗುವುದೇ ಇಲ್ಲ. ಮುಂಗಡಕ್ಕೂ ಸಾಲ ಬೇಕೆಂದರೆ ಆ ಮನೆ ಕೊಳ್ಳುವ ಹೊತ್ತು ಇನ್ನೂ ಬಂದಿಲ್ಲ.

ತಪ್ಪು ಕಲ್ಪನೆ 3: “ಬಾಡಿಗಿ ಬರತೈತಿ, ಕಂತು ತಾನ ಹೋಗತೈತಿ.”

ವಾಸ್ತವ: 18 ಲಕ್ಷ ಸಾಲಕ್ಕೆ ಶೇ 9ರ ಬಡ್ಡಿಯಲ್ಲಿ 20 ವರ್ಷದ ಕಂತು ಸುಮಾರು 16,200 ರೂಪಾಯಿ. ಮೊದಲ ಕಂತಿನಲ್ಲಿ 13,500 ಬಡ್ಡಿಗೇ ಹೋಗುತ್ತದೆ. ಮನೆಯ ಎರಡು ಭಾಗಕ್ಕೆ 4,500ರಂತೆ ಬಾಡಿಗೆ ಬಂದರೂ ತಿಂಗಳಿಗೆ 9,000. ವರ್ಷಕ್ಕೊಂದು ತಿಂಗಳು ಮನೆ ಖಾಲಿ ಬಿದ್ದರೆ, ನಗರಸಭೆ ತೆರಿಗೆ, ರಿಪೇರಿ ಕಳೆದರೆ ನಿಲ್ಲುವುದು 7,500ರ ಆಸುಪಾಸು. ಒಂದು ಖೋಲಿಯಲ್ಲಿ ವಿದ್ಯುತ್ ಮಗ್ಗ ಕೂಡಿಸಿದ್ದರೆ ಅದರ ಅದುರಿಗೆ ಗಿಲಾವು ಸಡಿಲಾಗುತ್ತದೆ. ಸೀರೆಗೆ ಬೇಡಿಕೆ ಬಿದ್ದು ಮಗ್ಗ ನಿಂತರೆ ಬಾಡಿಗೆಯೂ ತಡವಾಗುತ್ತದೆ. ಹೀಗೆ ತಿಂಗಳಿಗೆ 8,700 ರೂಪಾಯಿ ನಿಮ್ಮ ಜೇಬಿನಿಂದಲೇ ಹೋಗಬೇಕು. 8 ಲಕ್ಷ ಕೂಡಿಸಿಕೊಂಡು 12 ಲಕ್ಷವಷ್ಟೇ ಸಾಲ ಮಾಡಿದರೆ ಕಂತು 10,800ಕ್ಕೆ ಇಳಿಯುತ್ತದೆ, ಕೊರತೆ 3,300ಕ್ಕೆ.

ತಪ್ಪು ಕಲ್ಪನೆ 4: “ಕಟ್ಟಿದ ಬಡ್ಡಿ ಎಲ್ಲಾ ಟ್ಯಾಕ್ಸಿನ್ಯಾಗ ವಾಪಸ್ ಬರತೈತಿ.”

ವಾಸ್ತವ: ಬಾಡಿಗೆಯಿಂದ ನಗರಸಭೆ ತೆರಿಗೆ, ಉಳಿದದ್ದರ ಶೇ 30, ಆಮೇಲೆ ಸಾಲದ ಬಡ್ಡಿ ಕಳೆಯಬಹುದು. ಹಾಗೆ ತೋರಿದ ನಷ್ಟವನ್ನು ಹಳೆಯ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ 2 ಲಕ್ಷದವರೆಗೆ ಸಂಬಳದಂಥ ಬೇರೆ ಆದಾಯದಿಂದ ಕಳೆಯಲು ಬರುತ್ತದೆ. ಹೊಸ ಪದ್ಧತಿಯಲ್ಲಿ ಬರುವುದಿಲ್ಲ. ತೆರಿಗೆಯೇ ಬೀಳದಷ್ಟು ಆದಾಯದವರಿಗೆ ವಾಪಸ್ ಬರಲು ಏನೂ ಇಲ್ಲ.

ತಪ್ಪು ಕಲ್ಪನೆ 5: “ಸಾಲ ಜಲ್ದಿ ತೀರಿಸಿದ್ರ ದಂಡ ಹಾಕತಾರ.”

ವಾಸ್ತವ: ಬದಲಾಗುವ ಬಡ್ಡಿದರದ ಗೃಹಸಾಲವನ್ನು ವ್ಯಕ್ತಿಗಳು ಮುಂಚಿತವಾಗಿ ತೀರಿಸಿದರೆ ಬ್ಯಾಂಕು ದಂಡ ಹಾಕುವಂತಿಲ್ಲ. ಮೇಲಿನ 18 ಲಕ್ಷದ ಸಾಲಕ್ಕೆ ಮೊದಲ ವರ್ಷ ಮುಗಿಯುತ್ತಲೇ 1 ಲಕ್ಷ ಹೆಚ್ಚುವರಿ ಕಟ್ಟಿ, ಕಂತನ್ನು ಹಾಗೇ ಇಟ್ಟು ಅವಧಿ ಇಳಿಸಲು ಹೇಳಿದರೆ ಸುಮಾರು 30 ಕಂತು ಕಡಿಮೆಯಾಗುತ್ತವೆ. ಮದುವೆ ಸುಗ್ಗಿಯಲ್ಲಿ ಸೀರೆ ಮಾರಿ ಬಂದ ದುಡ್ಡಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಸಂಚಕಾರ ಕೊಡುವ ಮುನ್ನ ಉತಾರದಲ್ಲಿ ಬೋಜಾ ಇದೆಯೇ ಎಂದು ಎಲ್ಲರೂ ನೋಡುತ್ತಾರೆ. ಅದೇ ದಿನ ತಿಂಗಳ ಕೊರತೆಯನ್ನೂ ಬರೆದು ನೋಡಿ. ಮನೆ ಖಾಲಿ ಇದ್ದಾಗಲೂ ಆರು ತಿಂಗಳ ಕಂತು ಕಟ್ಟುವಷ್ಟು ದುಡ್ಡು ಬೇರೆ ತೆಗೆದಿಟ್ಟಿದ್ದರೆ ಮಾತ್ರ ಮುಂದುವರಿಯಿರಿ.