ಮೊಣಕಾಲಿಗೆ ಹಿತವಾದ ಸ್ಟೂಲು ನೀವೇ ಮಾಡಿ

ಮೊಣಕಾಲು ನೋವಿರುವ ಹಿರಿಯರಿಗೆ ಮಣೆಯ ಮೇಲೆ ಕುಳಿತು ಏಳುವುದೇ ಒಂದು ಶಿಕ್ಷೆ. ತರಕಾರಿ ಹೆಚ್ಚಲು, ಚಪ್ಪಲಿ ಹಾಕಿಕೊಳ್ಳಲು ಸರಿಯಾದ ಎತ್ತರದ ಸ್ಟೂಲೊಂದಿದ್ದರೆ ಎಷ್ಟೋ ಅನುಕೂಲ. ಮರಗೆಲಸ ಕಲಿಯಬೇಕೆನ್ನುವವರಿಗೂ ಇದು ಒಳ್ಳೆಯ ಮೊದಲ ಪಾಠ.

ಅಳತೆ: ಕೂರುವವರ ಹಿಮ್ಮಡಿಯಿಂದ ಮೊಣಕಾಲಿನ ಹಿಂಬದಿಯ ಮಡಿಕೆಯವರೆಗೆ ಅಳೆಯಿರಿ. ಸ್ಟೂಲು ಅಷ್ಟು ಎತ್ತರವಿರಲಿ. ಒಂದಂಗುಲ ಹೆಚ್ಚಾದರೂ ಅಡ್ಡಿಯಿಲ್ಲ. ತಗ್ಗಾದಷ್ಟೂ ಏಳುವಾಗ ಮೊಣಕಾಲಿನ ಮೇಲೆ ಒತ್ತಡ ಹೆಚ್ಚು.

ಮಾಡುವ ಬಗೆ: ಅಳತೆ 17 ಅಂಗುಲ ಬಂತೆನ್ನಿ. ಒಂದಂಗುಲ ದಪ್ಪದ, ಚೆನ್ನಾಗಿ ಒಣಗಿದ ಐದು ಹಲಗೆ ಬೇಕು. ಕೂರುವ ಹಲಗೆ 16 ಅಂಗುಲ ಉದ್ದ, 12 ಅಂಗುಲ ಅಗಲ. ಕಾಲಿಗೆ ಎರಡು ಹಲಗೆ, 16 ಅಂಗುಲ ಎತ್ತರ, 10 ಅಂಗುಲ ಅಗಲ. ಮರದ ಎಳೆ ಮೇಲಿಂದ ಕೆಳಕ್ಕಿರಬೇಕು, ಅಡ್ಡಲಾಗಿದ್ದರೆ ಸೀಳೀತು. ಅಡ್ಡಪಟ್ಟಿ ಎರಡು, 14 ಅಂಗುಲ ಉದ್ದ, 3 ಅಂಗುಲ ಅಗಲ.

ಎರಡು ಕಾಲುಗಳನ್ನು ನಿಲ್ಲಿಸಿ, ಮೇಲ್ತುದಿಗೆ ಸಮನಾಗಿ ಮುಂದೊಂದು, ಹಿಂದೊಂದು ಅಡ್ಡಪಟ್ಟಿಯನ್ನು ಅಂಟು ಹಚ್ಚಿ ಸ್ಕ್ರೂನಿಂದ ಬಿಗಿಯಿರಿ. ಮೊದಲು ಸಣ್ಣ ರಂಧ್ರ ಕೊರೆದರೆ ಮರ ಸೀಳದು. ಮೂಲೆಮಟ್ಟವಿಟ್ಟು ನೋಡಿ, ಕೂರುವ ಹಲಗೆ ಜೋಡಿಸಿ. ಒಂದು ದಿನ ಒಣಗಲು ಬಿಟ್ಟು, ಅಂಚುಗಳನ್ನು ಉಪ್ಪುಕಾಗದದಿಂದ ನುಣ್ಣಗೆ ಉಜ್ಜಿ.

ಧೂಳಿನ ಬಗ್ಗೆ ಎಚ್ಚರ: ಮರದ ಧೂಳು ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲಿ ಸಾರಿತು. ಅಪಾಯ ಹೆಚ್ಚಾಗಿ ವರ್ಷಗಟ್ಟಲೆ ಧೂಳಿನಲ್ಲೇ ದುಡಿಯುವವರಿಗೆ. ಒಂದು ಸ್ಟೂಲು ಮಾಡುವವರು ಗಾಬರಿಪಡಬೇಕಾಗಿಲ್ಲ. ಆದರೂ ಬಯಲಲ್ಲಿ ಕೆಲಸ ಮಾಡಿ, ಮಾಸ್ಕ್ ಧರಿಸಿ, ಧೂಳನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ. ಆಸ್ತಮಾ ಇರುವವರು ಉಜ್ಜುವ ಕೆಲಸವನ್ನು ಬೇರೆಯವರಿಗೆ ಬಿಡುವುದು ಲೇಸು.

ಗಾಯವಾದರೆ: ಸೋಪು, ನೀರಿನಿಂದ ಚೆನ್ನಾಗಿ ತೊಳೆಯಿರಿ. ಗಾಯ ಆಳವಾಗಿದ್ದರೆ ಅಥವಾ ಧನುರ್ವಾಯುವಿನ ಚುಚ್ಚುಮದ್ದು ಪಡೆದು ಐದು ವರ್ಷ ಮೀರಿದ್ದರೆ ವೈದ್ಯರನ್ನು ಕಾಣಿ.

ಕೊನೆಯ ಪರೀಕ್ಷೆ: ಅಜ್ಜಿಯನ್ನು ಕೂರಿಸುವ ಮುನ್ನ ಮನೆಯಲ್ಲಿ ಹೆಚ್ಚು ತೂಕದವರು ಕುಳಿತು, ನಾಲ್ಕೂ ಮೂಲೆಗೆ ಭಾರ ಹಾಕಿ ನೋಡಲಿ. ಅಲುಗಾಡಿದರೆ ಸರಿಪಡಿಸಿಯೇ ಕೊಡಿ. ಇಳಿವಯಸ್ಸಿನಲ್ಲಿ ಒಮ್ಮೆ ಬಿದ್ದರೂ ಸೊಂಟದ ಮೂಳೆ ಮುರಿಯಬಹುದು. ಈ ಸ್ಟೂಲನ್ನು ಬಚ್ಚಲಲ್ಲಿ ಇಡಬೇಡಿ, ಹತ್ತಿ ನಿಲ್ಲಬೇಡಿ. ತಲೆಸುತ್ತು ಬರುವವರಿಗೆ ಕೈಯಿರುವ ಕುರ್ಚಿಯೇ ಮೇಲು.