ಊರಮನೆಯ ಸೌರವಿದ್ಯುತ್ತು: ಬ್ಯಾಟರಿಯ ಬುಡದಲ್ಲಿರಬೇಕಾದ ಫ್ಯೂಸ್

ಮುಂಬಯಿ, ಪುಣೆ, ಚೆನ್ನೈಗಳಲ್ಲಿ ನೆಲೆನಿಂತ ಕನ್ನಡ ಕುಟುಂಬಗಳಲ್ಲಿ ಅನೇಕರಿಗೆ ಊರಿನಲ್ಲಿ ಇನ್ನೂ ಒಂದು ಮನೆಯಿದೆ. ಮಲೆನಾಡಿನಲ್ಲಾಗಲಿ, ಘಟ್ಟದ ಕೆಳಗಾಗಲಿ, ಮಳೆಗಾಲದ ಗಾಳಿಗೆ ಮರವೊಂದು ತಂತಿಯ ಮೇಲೆ ಉರುಳಿತೆಂದರೆ ತೋಟದ ನಡುವಿನ ಒಂಟಿಮನೆಗೆ ದಿನಗಟ್ಟಲೆ ಬೆಳಕಿಲ್ಲ. ವಯಸ್ಸಾದ ತಂದೆತಾಯಿಗಳು ಕತ್ತಲಲ್ಲಿರಬಾರದೆಂದು ಮಕ್ಕಳು ಇಲ್ಲಿಂದಲೇ ಹಣ ಒದಗಿಸಿ ಸೌರಫಲಕ, ಬ್ಯಾಟರಿ, ಇನ್ವರ್ಟರುಗಳನ್ನು ಅಳವಡಿಸಿಕೊಡುವುದು ಈಗ ಸಾಮಾನ್ಯ ಸಂಗತಿ. ಈ ಏರ್ಪಾಡಿನಲ್ಲಿ ಬೆಲೆಯಲ್ಲಿ ಅತ್ಯಲ್ಪವಾದ, ಆದರೆ ಮನೆಯ ಸುರಕ್ಷತೆಗೆ ಅತ್ಯಂತ ಮುಖ್ಯವಾದ ಒಂದು ಅಂಗದತ್ತ ಓದುಗರ ಗಮನ ಸೆಳೆಯುವುದು ಈ ಲೇಖನದ ಉದ್ದೇಶ. ಅದು ಬ್ಯಾಟರಿಯ ಫ್ಯೂಸ್.

ಕರ್ನಾಟಕಕ್ಕೆ ಮನೆಮಟ್ಟದ ಸೌರವಿದ್ಯುತ್ತು ಹೊಸತಲ್ಲ. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಬೆಂಬಲದೊಡನೆ ಕೆನರಾ ಬ್ಯಾಂಕ್ ಹಾಗೂ 2020ರಲ್ಲಿ ಅದರಲ್ಲಿ ವಿಲೀನವಾದ ಸಿಂಡಿಕೇಟ್ ಬ್ಯಾಂಕ್ ಸೌರದೀಪಗಳಿಗೆ ರಿಯಾಯಿತಿ ಬಡ್ಡಿಯ ಸಾಲ ನೀಡಲಾರಂಭಿಸಿದವು. ಅಂದಿನ ಏರ್ಪಾಡು ಚಿಕ್ಕದು: 12 ವೋಲ್ಟಿನ ಒಂದೇ ಬ್ಯಾಟರಿ, ಎರಡೋ ನಾಲ್ಕೋ ದೀಪ. ಇಂದು ಅದೇ ಮನೆಗಳಲ್ಲಿ ಮಿಕ್ಸರ್, ಫ್ರಿಜ್ಜುಗಳೂ ಓಡಬೇಕು; ಆದ್ದರಿಂದ ನಾಲ್ಕು, ಎಂಟು ಬ್ಯಾಟರಿಗಳ ಸಾಲುಗಳು ಬಂದಿವೆ. ಶಕ್ತಿ ಬೆಳೆದಷ್ಟು ಎಚ್ಚರ ಬೆಳೆದಿಲ್ಲ. ಸಾಲದ ಅರ್ಜಿಯೊಡನೆ ಬರುವ ದರಪಟ್ಟಿಗಳಲ್ಲಿ ಫಲಕದ ವಾಟ್, ಬ್ಯಾಟರಿಯ ಹೆಸರು, ಇನ್ವರ್ಟರಿನ ಖಾತರಿ ಎಲ್ಲವೂ ವಿವರವಾಗಿರುತ್ತವೆ. ಫ್ಯೂಸ್ ಮಾತ್ರ "ಇತರೆ ಸಾಮಗ್ರಿ" ಎಂಬ ಸಾಲಿನೊಳಗೆ ಅಡಗಿರುತ್ತದೆ, ಅಥವಾ ಇರುವುದೇ ಇಲ್ಲ.

ಅಪಾಯವೆಂದರೆ ಬಹಳ ಮಂದಿ ಛಾವಣಿಯ ಮೇಲಿನ ಫಲಕವನ್ನು ನೋಡುತ್ತಾರೆ. ವಾಸ್ತವದಲ್ಲಿ ಫಲಕ ತನ್ನ ಮಿತಿಯನ್ನು ತಾನೇ ಅರಿತ ವಸ್ತು. ಸುಮಾರು 9 ಆಂಪಿಯರ್ ಕೊಡುವ ಫಲಕದ ಎರಡು ತಂತಿಗಳನ್ನು ನೇರವಾಗಿ ಜೋಡಿಸಿದರೂ ಅದು ಒಂಬತ್ತೂವರೆ ಆಂಪಿಯರಿನ ಆಸುಪಾಸಿಗಿಂತ ಹೆಚ್ಚು ಕೊಡಲಾರದು. ನಮ್ಮ ವೃತ್ತಿಯ ಭಾಷೆಯಲ್ಲಿ ಹೇಳುವುದಾದರೆ ಫಲಕ ಸಂಬಳದಾರ. ದಿನದ ಬೆಳಕು ಕೊಟ್ಟಷ್ಟೇ ಅವನ ಕೈಯಲ್ಲಿ. ಬ್ಯಾಟರಿಯಾದರೋ ಕೂಡಿಟ್ಟ ಠೇವಣಿ. ಅದನ್ನು ಒಂದೇ ಕ್ಷಣದಲ್ಲಿ ಸುರಿಯಲು ಅದಕ್ಕೆ ಯಾವ ಅಡ್ಡಿಯೂ ಇಲ್ಲ. 12 ವೋಲ್ಟ್, 150 ಆಂಪಿಯರ್-ಗಂಟೆಯ ಒಂದು ಸೀಸದ ಬ್ಯಾಟರಿಯ ಆಂತರಿಕ ರೋಧ ಕೆಲವೇ ಮಿಲಿ ಓಮ್. ಅದನ್ನು 5 ಎಂದಿಟ್ಟುಕೊಂಡರೂ ತಂತಿಗಳು ತಗುಲಿಕೊಂಡಾಗ ಹರಿಯುವ ಪ್ರವಾಹ 2,400 ಆಂಪಿಯರ್. ಅಂತಹ ಎರಡು ಸಾಲುಗಳನ್ನು ಸಮಾನಾಂತರವಾಗಿ ಜೋಡಿಸಿದರೆ ಇದು ಇಮ್ಮಡಿಯಾಗುತ್ತದೆ. ತಾಮ್ರದ ತಂತಿ ಕೆಂಪಗೆ ಕಾಯ್ದು ಅದರ ಹೊದಿಕೆಗೆ ಬೆಂಕಿ ಹತ್ತಲು ಕೆಲವು ಕ್ಷಣಗಳು ಸಾಕು. ಅಟ್ಟದ ಇಲಿಯೊಂದು ಹೊದಿಕೆ ಕಡಿದರಾಯಿತು, ತಂತಿ ಕಬ್ಬಿಣದ ಸ್ಟ್ಯಾಂಡಿಗೆ ಉಜ್ಜಿ ಸವೆದರಾಯಿತು. ಮರದ ತೊಲೆ, ಒಣಗಿದ ಅಡಿಕೆಯ ಮೂಟೆಗಳಿರುವ ಮನೆಯಲ್ಲಿ ಮುಂದಿನದನ್ನು ವರ್ಣಿಸಬೇಕಾಗಿಲ್ಲ.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ನಿವಾರಿಸಬೇಕು. ಫ್ಯೂಸ್ ಇರುವುದು ಇನ್ವರ್ಟರನ್ನು ಉಳಿಸಲಿಕ್ಕಲ್ಲ, ತಂತಿಯನ್ನು ಉಳಿಸಲಿಕ್ಕೆ. ಆದ್ದರಿಂದಲೇ ಅದರ ಸ್ಥಾನ ಬ್ಯಾಟರಿಯ ಧನಾಗ್ರದ ಬಳಿ. ಗೋಡೆಯಾಚೆ ಇನ್ವರ್ಟರಿನ ಪಕ್ಕದಲ್ಲಿ ಫ್ಯೂಸಿಟ್ಟರೆ ಬ್ಯಾಟರಿಯಿಂದ ಅಲ್ಲಿಯವರೆಗಿನ ತಂತಿಯೆಲ್ಲ ಅನಾಥ. ಗೇಣುದ್ದದೊಳಗೆ ಇರಲಿ ಎಂಬುದು ನೆನಪಿಡಲು ಸುಲಭವಾದ ಅಳತೆ. ಆದರೆ ಬ್ಯಾಟರಿಗಳನ್ನು ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು ಅದರೊಳಗೇ, ಮೇಲ್ಭಾಗದಲ್ಲಿ, ಕಿಡಿ ಹಾರಿಸುವ ಸ್ವಿಚ್ಚನ್ನು ಕೂರಿಸಬಾರದು. ಸೀಸದ ಬ್ಯಾಟರಿ ತುಂಬುತ್ತ ಬಂದಾಗ ಜಲಜನಕ ಹೊರಬೀಳುತ್ತದೆ, ಗಾಳಿಯಲ್ಲಿ ಅದು ಶೇಕಡಾ 4ನ್ನು ಮುಟ್ಟಿದರೆ ಒಂದು ಕಿಡಿಗೆ ಹೊತ್ತಿಕೊಳ್ಳಬಲ್ಲದು.

ಎಷ್ಟು ಆಂಪಿಯರಿನ ಫ್ಯೂಸ್? ಲೆಕ್ಕ ಕಠಿಣವಲ್ಲ. 24 ವೋಲ್ಟಿನ ಬ್ಯಾಟರಿ ಸಾಲಿನ ಮೇಲೆ 2,000 ವಾಟಿನ ಇನ್ವರ್ಟರ್ ಇದೆಯೆನ್ನೋಣ. 2,000ವನ್ನು 24ರಿಂದ ಭಾಗಿಸಿ 83 ಎಂದು ನಿಲ್ಲಿಸುವವರುಂಟು. ಆದರೆ ಬ್ಯಾಟರಿ ಬರಿದಾಗುವಾಗ ಅದರ ಒತ್ತಡ 21 ವೋಲ್ಟಿನವರೆಗೆ ಇಳಿಯಬಹುದು, ಇನ್ವರ್ಟರಿನಲ್ಲಿ ಶೇಕಡಾ 10ರಷ್ಟು ನಷ್ಟವೂ ಉಂಟು. ಆಗ ಅಗತ್ಯವಾಗುವ ಪ್ರವಾಹ 106 ಆಂಪಿಯರ್. ಅದಕ್ಕೆ ಕಾಲುಭಾಗ ಸೇರಿಸಿದರೆ 132. ಮಾರುಕಟ್ಟೆಯಲ್ಲಿ ಸುಲಭವಾಗಿ ದೊರೆಯುವ ಮುಂದಿನ ಅಳತೆ 150. ಇಷ್ಟಕ್ಕೇ ಮುಗಿಯಲಿಲ್ಲ: ತಂತಿಯು 150 ಆಂಪಿಯರನ್ನು ನಿರಾಯಾಸವಾಗಿ ಹೊರುವಂಥದ್ದಾಗಿರಬೇಕು. ಸಪೂರ ತಂತಿಗೆ ದೊಡ್ಡ ಫ್ಯೂಸ್ ಹಾಕಿದರೆ ಮೊದಲು ಕರಗುವುದು ಫ್ಯೂಸಲ್ಲ, ತಂತಿ.

ಫ್ಯೂಸಿನ ಮೇಲೆ ಇನ್ನೂ ಎರಡು ಅಂಕಿಗಳನ್ನು ಓದಬೇಕು. ಮೊದಲನೆಯದು ಡಿ.ಸಿ. ವೋಲ್ಟೇಜ್. ನಮ್ಮ ಮನೆಗಳ ಗೋಡೆಯೊಳಗಿನ ಎ.ಸಿ. ವಿದ್ಯುತ್ತು ಸೆಕೆಂಡಿಗೆ 100 ಬಾರಿ ಸೊನ್ನೆಗಿಳಿಯುತ್ತದೆ. ಸ್ವಿಚ್ ತೆರೆದಾಗ ಎದ್ದ ಆರ್ಕ್, ಅಂದರೆ ಬೆಂಕಿಯ ಎಳೆ, ಆ ಸೊನ್ನೆಯಲ್ಲಿ ತಾನಾಗಿ ನಂದುತ್ತದೆ. ಬ್ಯಾಟರಿಯ ಡಿ.ಸಿ. ಪ್ರವಾಹಕ್ಕೆ ಅಂತಹ ಬಿಡುವಿಲ್ಲ. ಸಂಪರ್ಕ ಕಡಿದ ಮೇಲೂ ಆ ಎಳೆ ಗಾಳಿಯಲ್ಲೇ ಉರಿಯುತ್ತಿರಬಹುದು. ಹೀಗಾಗಿ ಮನೆಯ ಸಾಮಾನ್ಯ ಎಂ.ಸಿ.ಬಿ.ಯನ್ನು ತಂದು ಬ್ಯಾಟರಿಗೆ ಜೋಡಿಸುವುದು ಹಣ ಉಳಿಸುವ ಉಪಾಯವಲ್ಲ. ಡಿ.ಸಿ. ಎಂ.ಸಿ.ಬಿ.ಗಳಲ್ಲೂ ಒಂದು ಸೂಕ್ಷ್ಮವಿದೆ: ಕೆಲವಕ್ಕೆ ಧನ-ಋಣದ ಗುರುತಿದ್ದು, ಅವು ಪ್ರವಾಹ ಒಂದೇ ದಿಕ್ಕಿನಲ್ಲಿ ಹರಿದಾಗ ಮಾತ್ರ ಸರಿಯಾಗಿ ಕಡಿಯುತ್ತವೆ. ಬ್ಯಾಟರಿಯ ತಂತಿಯಲ್ಲಿ ಹಗಲು ಪ್ರವಾಹ ಒಳಕ್ಕೆ, ರಾತ್ರಿ ಹೊರಕ್ಕೆ. ಇಲ್ಲಿ ಬೇಕಾದದ್ದು ದಿಕ್ಕಿನ ಭೇದವಿಲ್ಲದ ಉಪಕರಣ.

ಎರಡನೆಯದು ಛೇದನ ಸಾಮರ್ಥ್ಯ, ಅಂದರೆ ಎಷ್ಟು ಸಾವಿರ ಆಂಪಿಯರನ್ನು ಅದು ಸಿಡಿಯದೆ ಕಡಿಯಬಲ್ಲದು ಎಂಬುದು. ಕಾರುಗಳ ಚಿಕ್ಕ ಅಲಗಿನ ಫ್ಯೂಸಿಗೆ ಇದು ಸಾಮಾನ್ಯವಾಗಿ ಸಾವಿರ ಆಂಪಿಯರಿನ ಆಸುಪಾಸು. ನಮ್ಮ ಬ್ಯಾಟರಿ ಸಾಲಿನ ಐದು ಸಾವಿರದ ಮುಂದೆ ಅದು ನಿಲ್ಲಲಾರದು. ಎಚ್.ಆರ್.ಸಿ. ಎಂದು ಕರೆಯುವ ಫ್ಯೂಸುಗಳೊಳಗೆ ಸ್ಫಟಿಕದ ಮರಳು ತುಂಬಿರುತ್ತದೆ. ಲೋಹದ ಪಟ್ಟಿ ಕರಗಿದಾಗ ಆ ಮರಳು ಶಾಖವನ್ನು ಹೀರಿ, ತಾನೇ ಗಾಜಿನಂತಾಗಿ ಆರ್ಕನ್ನು ಉಸಿರುಗಟ್ಟಿಸುತ್ತದೆ. ಡಿ.ಸಿ. ವೋಲ್ಟೇಜನ್ನೂ ಛೇದನ ಸಾಮರ್ಥ್ಯವನ್ನೂ ಸ್ಪಷ್ಟವಾಗಿ ಮುದ್ರಿಸಿದ ಇಂತಹ ಫ್ಯೂಸೇ ನನ್ನ ಅಭಿಪ್ರಾಯದಲ್ಲಿ ಯೋಗ್ಯ.

ನಾಲ್ಕು ಬ್ಯಾಟರಿಗಳನ್ನು ಎರಡೆರಡರ ಎರಡು ಸಾಲಾಗಿ ಜೋಡಿಸಿದ್ದಲ್ಲಿ ಕೊನೆಯಲ್ಲೊಂದು ಮುಖ್ಯ ಫ್ಯೂಸ್ ಇದ್ದರೆ ಸಾಲದು. ಒಂದು ಸಾಲಿನ ಕೋಶವೊಂದು ಒಳಗೇ ಕೆಟ್ಟರೆ, ಅಥವಾ ಆ ಸಾಲಿನ ತಂತಿಗಳು ತಗುಲಿಕೊಂಡರೆ, ನೆರೆಯ ಸಾಲು ತನ್ನ ಶಕ್ತಿಯನ್ನು ಅದರೊಳಕ್ಕೆ ಸುರಿಯತೊಡಗುತ್ತದೆ. ಈ ಪ್ರವಾಹ ಮುಖ್ಯ ಫ್ಯೂಸಿನ ಮೂಲಕ ಹಾಯುವುದೇ ಇಲ್ಲ. ಅದು ಮನೆಯೊಳಗಿನ ಜಗಳ, ಹೊಸ್ತಿಲ ಕಾವಲುಗಾರನಿಗೆ ಕೇಳಿಸದು. ಪ್ರತಿಯೊಂದು ಸಾಲಿಗೂ ಅದರದ್ದೇ ಫ್ಯೂಸ್ ಇರಬೇಕಾದುದು ಇದಕ್ಕಾಗಿ. ಲಿಥಿಯಂ ಬ್ಯಾಟರಿಗಳ ಮಾರಾಟಗಾರರು "ಒಳಗೆ ಬಿ.ಎಂ.ಎಸ್. ಇದೆ, ಫ್ಯೂಸ್ ಬೇಡ" ಎನ್ನುವುದನ್ನು ಒಪ್ಪಬಾರದು. ಅದರೊಳಗಿನ ಟ್ರಾನ್ಸಿಸ್ಟರುಗಳು ಕೆಡುವಾಗ ಅನೇಕ ವೇಳೆ ಸಂಪರ್ಕ ಕಡಿಯದೆ, ಕೂಡಿಕೊಂಡೇ ಉಳಿಯುತ್ತವೆ.

ಫ್ಯೂಸಿಗೂ ನಿಲುಕದ ಜಾಗವೊಂದಿದೆ, ಬ್ಯಾಟರಿಯ ಎರಡು ಅಗ್ರಗಳ ನಡುವೆ. ಅಲ್ಲಿ ಸ್ಪ್ಯಾನರ್ ಬಿದ್ದರೆ ಯಾವ ಫ್ಯೂಸೂ ಕಾಯದು. ಅಗ್ರಗಳಿಗೆ ರಬ್ಬರಿನ ಮುಚ್ಚಳ ಬೇಕು. ಭಟ್ಟಿಯಿಳಿಸಿದ ನೀರು ತುಂಬಲು ಹೋಗುವವರು ಉಂಗುರ, ಲೋಹದ ಬಳೆ, ಇಳಿಬಿದ್ದ ಕರಿಮಣಿ ಸರಗಳನ್ನು ತೆಗೆದಿಡಬೇಕು.

ಇಲ್ಲಿಂದಲೇ ಮಾಡಬಹುದಾದ ಕೆಲಸವೊಂದಿದೆ. ಬ್ಯಾಟರಿಯ ಧನಾಗ್ರದಿಂದ ಹೊರಡುವ ದಪ್ಪ ತಂತಿಯ ಮತ್ತು ಅದರ ಮೊದಲ ತಡೆಯ ಛಾಯಾಚಿತ್ರವನ್ನು ಊರಿನವರಿಂದ ಮೊಬೈಲಿನಲ್ಲಿ ತರಿಸಿಕೊಳ್ಳಿರಿ. ತಂತಿ ನೇರವಾಗಿ ಇನ್ವರ್ಟರಿಗೇ ಹೋಗಿದ್ದರೆ ಅಳವಡಿಸಿದವರನ್ನು ಮರಳಿ ಕರೆಸಬೇಕು. ಫ್ಯೂಸ್ ಇದ್ದರೆ ಅದೇ ಅಳತೆಯ ಇನ್ನೆರಡನ್ನು ಮನೆಯಲ್ಲಿ ತೆಗೆದಿರಿಸಲು ಹೇಳಬೇಕು. ಏಕೆಂದರೆ ಮಳೆಯ ರಾತ್ರಿ ಫ್ಯೂಸ್ ಹೋದಾಗ ಕೈಗೆ ಸಿಗುವ ತಾಮ್ರದ ಎಳೆಯನ್ನು ಸುತ್ತುವ ಅಭ್ಯಾಸ ನಮ್ಮ ಊರುಗಳಲ್ಲಿ ಹಳೆಯದು. ಹೊಸ ಫ್ಯೂಸನ್ನಾದರೂ ತಂತಿಗಳನ್ನು ಪರೀಕ್ಷಿಸದೆ ಹಾಕಬಾರದು. ಆ ಒಂದು ರಾತ್ರಿಗೆ ಚಿಮಣಿ ದೀಪ ಸಾಕು.