ಎಂಟು ಲೀಟರಿನ ಬೆಂಟ್ಲಿ

ಜಗತ್ತಿನ ವಾಣಿಜ್ಯವೆಲ್ಲ ಕುಸಿಯುತ್ತಿದ್ದ ವಿಷಮಕಾಲದಲ್ಲಿ, 1930ರ ಅಕ್ಟೋಬರಿನಲ್ಲಿ, ಲಂಡನ್ನಿನ ಒಲಿಂಪಿಯಾ ಸಭಾಂಗಣದ ಮೋಟಾರು ಪ್ರದರ್ಶನದಲ್ಲಿ ಬೆಂಟ್ಲಿ ಕಂಪನಿಯು ತನ್ನ ಎಂಟು ಲೀಟರಿನ ಕಾರನ್ನು ಜನರ ಮುಂದಿಟ್ಟಿತು. ಆರು ಸಿಲಿಂಡರುಗಳ, 7983 ಘನ ಸೆಂಟಿಮೀಟರ್ ಗಾತ್ರದ ಎಂಜಿನ್ನುಳ್ಳ ಈ ವಾಹನವು ಭಾರವಾದ ಒಡಲನ್ನು ಹೊತ್ತೂ ಗಂಟೆಗೆ 100 ಮೈಲಿಯ ವೇಗವನ್ನು ಮುಟ್ಟಬಲ್ಲುದಾಗಿತ್ತು. ಕಂಪನಿಯು ಮಾರುತ್ತಿದ್ದುದು ಚಾಸಿಯನ್ನು ಮಾತ್ರ. ಅದರ ಬೆಲೆಯೇ 1850 ಪೌಂಡು. ಕೊಂಡವನೇ ಒಡಲನ್ನು ತನ್ನ ಅಭಿರುಚಿಗನುಗುಣವಾಗಿ ಬೇರೆ ಕುಶಲಿಗಳಿಂದ ಕಟ್ಟಿಸಿಕೊಳ್ಳಬೇಕಾಗಿತ್ತು.

ವೇಗಕ್ಕಿಂತಲೂ ನನ್ನ ಮನಸ್ಸನ್ನು ಸೆಳೆಯುವುದು ಈ ಯಂತ್ರದ ಮೌನಸಾಧನೆ. ಎಂಜಿನ್ನಿನ ನೆತ್ತಿಯಲ್ಲಿದ್ದು ಕವಾಟಗಳನ್ನು ತೆರೆದು ಮುಚ್ಚುವ ಕ್ಯಾಮ್ ದಂಡವನ್ನು ಸರಪಳಿಯಿಂದ ತಿರುಗಿಸಿದರೆ ಸದ್ದು ಹೆಚ್ಚುವುದಾದ್ದರಿಂದ, ಈ ಕಾರಿನ ನಿರ್ಮಾತೃವಾದ ಡಬ್ಲ್ಯು. ಓ. ಬೆಂಟ್ಲಿಯು ಎಂಜಿನ್ನಿನ ಹಿಂಬದಿಯಲ್ಲಿ ಮೂರು ನೀಳವಾದ ಸರಳುಗಳನ್ನು ನಿಲ್ಲಿಸಿ, ಅವು ಒಂದಾದ ಮೇಲೊಂದರಂತೆ ಏರಿಳಿಯುತ್ತ ಆ ದಂಡವನ್ನು ನಯವಾಗಿ ತಿರುಗಿಸುವಂತೆ ಅಣಿಗೊಳಿಸಿದ್ದನು. ಯೌವನದಲ್ಲಿ ಡಾನ್‌ಕಾಸ್ಟರಿನ ರೈಲ್ವೆ ಕಾರ್ಖಾನೆಯಲ್ಲಿ ಕೆಲಸ ಕಲಿತವನಾತ. ಉಗಿಬಂಡಿಯ ಚಕ್ರಗಳನ್ನು ಜೋಡಿಸುವ ಸರಳುಗಳ ನೆನಪು ಇಲ್ಲಿ ಸುಳಿದಿರಬೇಕೆಂದೇ ನನ್ನ ಭಾವನೆ. ಪ್ರತಿ ಸಿಲಿಂಡರಿಗೂ ನಾಲ್ಕು ಕವಾಟ, ಎರಡು ಸ್ಪಾರ್ಕ್ ಪ್ಲಗ್ಗು: ಯಾವುದರಲ್ಲಿಯೂ ಕಾರ್ಪಣ್ಯವಿಲ್ಲ.

ಇಂತಹ ಶ್ರೇಷ್ಠಕೃತಿಯು ಕೇವಲ 100 ಸಂಖ್ಯೆಯಲ್ಲಿ ನಿಂತುಹೋಯಿತೆಂಬುದು ವ್ಯಥೆಯ ಸಂಗತಿ. 1931ರಲ್ಲಿ ಕಂಪನಿಯು ಸಾಲದಲ್ಲಿ ಮುಳುಗಿತು. ನೇಪಿಯರ್ ಸಂಸ್ಥೆಯು ಅದನ್ನು ಕೊಳ್ಳುವುದೆಂದೇ ಎಲ್ಲರೂ ನಂಬಿದ್ದಾಗ, ಪ್ರತಿಸ್ಪರ್ಧಿಯಾಗಿದ್ದ ರೋಲ್ಸ್ ರಾಯ್ಸ್ ತನ್ನ ಹೆಸರನ್ನು ಮರೆಮಾಚಿ, ಒಂದು ಟ್ರಸ್ಟಿನ ಮೂಲಕ ಹೆಚ್ಚಿನ ಬೆಲೆ ಕೂಗಿ ಕೊಂಡುಕೊಂಡಿತು. ಎಂಟು ಲೀಟರಿನ ಕಾರಿನ ತಯಾರಿಕೆಯನ್ನು ಕೈಬಿಟ್ಟಿತು.